ಮಂಜುಗಡ್ಡೆಯ ಮೇಲೆ ಗಾಲಿಕುರ್ಚಿ

ಅಮೆರಿಕದ ಉತ್ತರದಂಚಿನ ಮಿನ್ನೆಸೋಟ ರಾಜ್ಯದಲ್ಲಿ ಚಳಿಗಾಲದಲ್ಲಿ ಸರೋವರಗಳ ಮೇಲ್ಮೈ ಹೆಪ್ಪುಗಟ್ಟುತ್ತದೆ. 4 ಡಿಗ್ರಿ ಸೆಂಟಿಗ್ರೇಡಿನ ನೀರು ಅತ್ಯಂತ ಸಾಂದ್ರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಮೀನುಗಳು ಅಲ್ಲಿ ಬದುಕಿರುತ್ತವೆ. ಜನರು ಗಡ್ಡೆಯ ಮೇಲೆ ಡೇರೆ ಹೂಡಿ, ಒಲೆ ಹಚ್ಚಿ, ರಂಧ್ರ ಕೊರೆದು ಗಾಳವಿಳಿಸುವರು. ಮಂಜುಗಡ್ಡೆಯನ್ನು ಷರಬತ್ತಿನ ಅಂಗಡಿಯಲ್ಲಲ್ಲದೆ ಬೇರೆಲ್ಲಿಯೂ ಕಾಣದ ನಮಗೆ ಇದು ವಿಚಿತ್ರವೆನಿಸೀತು. ನಡೆಯಲಾರದ ಮಿತ್ರರನ್ನು ಈ ವಿನೋದಕ್ಕೆ ಕರೆದೊಯ್ಯಬಹುದೇ? ಒಯ್ಯಬಹುದು, ಒಯ್ಯಬೇಕೆಂದೇ ನಮ್ಮ ಮತ.

ಕಾಲ್ನಡೆಗೆ 4 ಅಂಗುಲ ದಪ್ಪದ ತಿಳಿಗಡ್ಡೆ ಅವಶ್ಯವೆಂದು ಅಲ್ಲಿನ ಸರಕಾರ ತಿಳಿಸಿದೆ, ಬಿಳಿಗಡ್ಡೆಯಾದರೆ ಇಮ್ಮಡಿ. ಪ್ರತಿ 150 ಅಡಿಗೊಮ್ಮೆ ಕೊರೆದು ಅಳೆಯತಕ್ಕದ್ದು. ವಿದ್ಯುತ್ತಿನ ಗಾಲಿಕುರ್ಚಿಯು ಕುಳಿತವರೊಡನೆ 200 ಕಿಲೋಗ್ರಾಮನ್ನೂ ಮೀರಬಹುದಾದುದರಿಂದ ಅದಕ್ಕೆ ಕಾಲ್ನಡೆಯ ಲೆಕ್ಕ ಸಾಲದು. ಅಗಲವಾದ ಜಾರುಬಂಡಿ ಮೇಲು. ಭಾರ ಹರಡುತ್ತದೆ, ಹಿಮದಲ್ಲಿ ಹೂತುಹೋಗುವ ಚಿಕ್ಕ ಗಾಲಿಗಳೂ ಇಲ್ಲ. ಎಲ್ಲರೂ ನೀರಿನಲ್ಲಿ ತೇಲಿಸುವ ಅಂಗಿಯನ್ನು ತೊಡಬೇಕು. ಮಿತ್ರರನ್ನು ಆಸನಕ್ಕೆ ಬಿಗಿಯುವುದು ಅನಿವಾರ್ಯವಾದರೆ ಪಟ್ಟಿಯು ಒಂದೇ ಸೆಳೆತಕ್ಕೆ ಬಿಚ್ಚುವಂತಿರಲಿ.

ಆದರೆ ಗಡ್ಡೆ ಒಡೆಯುವುದಕ್ಕಿಂತ ನಾವು ಹೆಚ್ಚು ಅಂಜುವುದು ಅರಿವಿಗೆ ಬಾರದ ಚಳಿಗೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಅದರ ಕೆಳಗಿನ ಅಂಗಗಳಲ್ಲಿ ಸ್ಪರ್ಶಜ್ಞಾನವಿಲ್ಲದಿರಬಹುದು. ಪಾದ ಮರಗಟ್ಟಿದರೂ ಅವರು ನಗುತ್ತ ಗಾಳ ಹಿಡಿದಿರುವರು. ಆದುದರಿಂದ ಬೆಚ್ಚನೆಯ ಡೇರೆಯೊಳಗೆ ಆಗಾಗ ಪಾದರಕ್ಷೆ ಬಿಚ್ಚಿ ನೋಡಬೇಕು. ಚರ್ಮ ಬಿಳಚಿ ಗಟ್ಟಿಯಾಗಿದ್ದರೆ ಉಜ್ಜಬಾರದು, ವೈದ್ಯರಲ್ಲಿಗೆ ಒಯ್ಯಬೇಕು. ಹಾಗೆಂದು ಒಲೆಗೆ ತೀರ ಸಮೀಪ ಕುಳ್ಳಿರಿಸಿದರೆ ಸುಟ್ಟದ್ದೂ ಅವರಿಗೆ ತಿಳಿಯದು. ಒಲೆ ಉರಿಯುವಾಗ ಡೇರೆಗೆ ಗಾಳಿಕಂಡಿ ಇರಲೇಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಬೆರಳಿನ ಹಿಡಿತವಿಲ್ಲದವರು ಗಾಳದ ಕೋಲನ್ನು ಪಟ್ಟಿಯಿಂದ ಮುಂಗೈಗೆ ಕಟ್ಟಿಕೊಳ್ಳಬಹುದು. ಮೀನೆಳೆಯುವವರು ಅವರೇ.