ನಿಲ್ಲಿಸಿದ್ದ ಬೈಕು ಬಿದ್ದಾಗ

ಭಾನುವಾರದ ಮೊದಲ ಬಲಿಪೂಜೆ ಮುಗಿಯುವ ಹೊತ್ತಿಗೆ ನಮ್ಮ ದೇವಾಲಯದ ಆವರಣವು ದ್ವಿಚಕ್ರ ವಾಹನಗಳ ಸಂತೆಯಾಗಿರುತ್ತದೆ. ಎರಡನೆಯ ಪೂಜೆಗೆ ಬರುವವರ ಕಾರುಗಳು ಒಳಕ್ಕೆ, ಮೊದಲನೆಯದನ್ನು ಮುಗಿಸಿದವರ ಬೈಕುಗಳು ಹೊರಕ್ಕೆ. ಇಂತಹದೊಂದು ನೂಕುನುಗ್ಗಲಿನ ಬೆಳಿಗ್ಗೆ, ಕೆಲವು ವರ್ಷಗಳ ಹಿಂದೆ, ನಾನು ಹೊರಬಂದಾಗ ನನ್ನ ಬೈಕು ನೆಲಕ್ಕೊರಗಿತ್ತು. ಕ್ಲಚ್ ಲಿವರ್ ಮುರಿದಿತ್ತು, ಟ್ಯಾಂಕಿನ ಎಡಮಗ್ಗುಲು ನೆಗ್ಗಿತ್ತು, ಕನ್ನಡಿ ಚೂರುಚೂರಾಗಿತ್ತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಒಂದು ಚೀಟಿಯೂ ಇರಲಿಲ್ಲ. ಕೆಡವಿದವರು ಬಹುಶಃ ಅರ್ಧ ಗಂಟೆಯ ಹಿಂದೆ ನನಗೆ ಕೈಮುಗಿದು ಶಾಂತಿಯನ್ನು ಹಾರೈಸಿದವರೇ ಇರಬೇಕು. ಹೊಸ ಲಿವರಿಗೆ ತೆತ್ತ ಹಣ ಎಷ್ಟೆಂದು ಈಗ ನೆನಪಿಲ್ಲ. ಆ ಕಾಣದ ಮನುಷ್ಯನ ಮೇಲಿನ ಸಿಟ್ಟು ಮಾತ್ರ ಬಹುಕಾಲ ಉಳಿಯಿತು.

ಇದು ಸಣ್ಣ ಸಂಗತಿಯೆಂದು ಕಾಣಬಹುದು. ಆದರೆ ಬೆಂಗಳೂರಿನ ಹೊರವಲಯದಲ್ಲಿ ವಾಸಿಸುವ ನಮ್ಮ ಕುಟುಂಬಗಳಿಗೆ ಬೈಕು ಎಂದರೆ ಏನೆಂಬುದನ್ನು ಬಲ್ಲವರು ಹಾಗೆ ಹೇಳಲಾರರು. ಪೀಣ್ಯದ ಕಾರ್ಖಾನೆಗಳ ಪಾಳಿ ಕೆಲಸ, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮೂಲಕ ರೂಪುಗೊಂಡ ಎಲೆಕ್ಟ್ರಾನಿಕ್ ಸಿಟಿಯ ಕಾವಲು ಮತ್ತು ಸ್ವಚ್ಛತಾ ಕೆಲಸ, ವೈಟ್‌ಫೀಲ್ಡ್‌ನ ಬೀದಿಬೀದಿಗೂ ಊಟದ ಪೊಟ್ಟಣ ಮುಟ್ಟಿಸುವ ಕೆಲಸ, ಇವೆಲ್ಲವೂ ಎರಡು ಚಕ್ರಗಳ ಮೇಲೆಯೇ ನಡೆಯುತ್ತವೆ. ಮೆಟ್ರೊ ರೈಲು 2023ರಲ್ಲಿ ವೈಟ್‌ಫೀಲ್ಡನ್ನೂ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ಬೊಮ್ಮಸಂದ್ರವನ್ನೂ ತಲುಪಿದೆ, ನಿಜ. ಆದರೂ ನಿಲ್ದಾಣದಿಂದ ಕಾರ್ಖಾನೆಯ ಬಾಗಿಲಿಗೆ, ರಾತ್ರಿ ಪಾಳಿ ಮುಗಿದ ಮೇಲೆ ಮನೆಯ ಬಾಗಿಲಿಗೆ ಕೊಂಡೊಯ್ಯುವುದು ಬೈಕೇ. ಅದು ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಆ ದಿನದ ಸಂಪಾದನೆಯೂ ಅಲ್ಲಿಯೇ ನಿಲ್ಲುತ್ತದೆ.

ಮೊದಲು ಕಾನೂನಿನ ಮಾತನ್ನು ಹೇಳಿಬಿಡುವುದು ಒಳ್ಳೆಯದು. ನಿಂತ ಬೈಕಿಗೆ ಕಾರು ಅಕಸ್ಮಾತ್ತಾಗಿ ತಗುಲಿದರೆ ಅದು ಬೇಕೆಂದೇ ಹಾನಿಮಾಡಿದ ಅಪರಾಧವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ವಿಧಿಯು ಹಾನಿಮಾಡುವ ಉದ್ದೇಶವನ್ನೋ ಹಾನಿಯಾಗಬಹುದೆಂಬ ತಿಳಿವನ್ನೋ ಕೇಳುತ್ತದೆ. ಆದರೆ ತಗುಲಿಸಿದ ಬಳಿಕ ಸದ್ದಿಲ್ಲದೆ ಹೊರಟುಹೋಗುವುದು ಬೇರೆಯೇ ವಿಷಯ. 1988ರ ಮೋಟಾರು ವಾಹನಗಳ ಕಾಯಿದೆಯ 134ನೇ ವಿಧಿಯು ವ್ಯಕ್ತಿಗೆ ಗಾಯವಾದಾಗ ಮಾತ್ರ ಅನ್ವಯಿಸುತ್ತದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ತಪ್ಪು. ಇತರರ ಆಸ್ತಿಗೆ ಹಾನಿಯಾದಾಗಲೂ ಅದು ಅನ್ವಯಿಸುತ್ತದೆ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಚಾಲಕನು ಆದಷ್ಟು ಬೇಗ, ಹೇಗಿದ್ದರೂ 24 ಗಂಟೆಗಳೊಳಗೆ, ಸಮೀಪದ ಠಾಣೆಗೆ ಘಟನೆಯನ್ನು ತಿಳಿಸಬೇಕು. ತನ್ನ ವಿಮಾ ಕಂಪನಿಗೂ ಬರೆದು ತಿಳಿಸಬೇಕು. ತಪ್ಪಿದರೆ, 2019ರ ತಿದ್ದುಪಡಿಯ ಅನಂತರ, ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಎಡವಿದ್ದನ್ನು ಕಾನೂನು ಕ್ಷಮಿಸಬಹುದು, ಓಡಿಹೋದದ್ದನ್ನು ಕ್ಷಮಿಸದು. ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ ಗುಂಡಿ ತೋಡಿ ಮುಚ್ಚದೆ ಬಿಟ್ಟವನ ಸಂಗತಿ ಬರುತ್ತದೆ. ನೆರೆಯವನ ಎತ್ತು ಅದರಲ್ಲಿ ಬಿದ್ದು ಸತ್ತರೆ ಗುಂಡಿಯ ಒಡೆಯನೇ ಬೆಲೆ ತೆರಬೇಕು. ಅವನಿಗೆ ಎತ್ತನ್ನು ಕೊಲ್ಲುವ ಮನಸ್ಸಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಬೈಕಿನ ಒಡೆಯನ ಕಡೆಗೆ ಬರೋಣ. ಬಿದ್ದ ಬೈಕನ್ನು ಕಂಡೊಡನೆ ಎತ್ತಿ ಕಿಕ್ ಹೊಡೆಯುವುದು ಮನುಷ್ಯಸಹಜ. ಆದರೆ ಪೆಟ್ರೋಲ್ ಸೋರುತ್ತಿಲ್ಲವಾದರೆ ಒಂದು ನಿಮಿಷ ತಾಳಿ, ಬಿದ್ದಿರುವ ಸ್ಥಿತಿಯಲ್ಲಿಯೇ ನಾಲ್ಕು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು: ನಂಬರ್ ಪ್ಲೇಟ್ ಕಾಣುವಂತೆ ಒಂದು, ಸುತ್ತಲಿನ ಜಾಗ ಕಾಣುವಂತೆ ಒಂದು, ಹಾನಿಯಾದ ಭಾಗದ ಎರಡು. ಪೆಟ್ರೋಲ್ ಸೋರುತ್ತಿದ್ದರೆ ಚಿತ್ರದ ಮಾತು ಆಮೇಲೆ. ಮೊದಲು ಕೀ ಆಫ್ ಮಾಡಿ, ಬೀಡಿ ಸಿಗರೇಟಿನವರನ್ನು ದೂರ ಸರಿಸಿ, ಬೈಕನ್ನು ಎತ್ತಿ ನಿಲ್ಲಿಸಬೇಕು. ಕಾರ್ಬ್ಯುರೇಟರ್ ಇರುವ ಹಳೆಯ ಬೈಕಾದರೆ ಕೆಲವು ನಿಮಿಷ ಬಿಟ್ಟು ಚಾಲೂ ಮಾಡುವುದು ಮೇಲು.

ಲಿವರ್, ಕನ್ನಡಿ, ಇಂಡಿಕೇಟರ್ ಮುರಿದದ್ದು ಕಣ್ಣಿಗೆ ಕಾಣುತ್ತದೆ. ಕಾಣದಿರುವುದೇ ಅಪಾಯಕಾರಿ. ಮುಂದಿನ ಚಕ್ರವನ್ನು ನೇರವಾಗಿ ನಿಲ್ಲಿಸಿ ಎದುರಿನಿಂದ ನೋಡಿದಾಗ ಹ್ಯಾಂಡಲ್ ಓರೆಯಾಗಿ ಕಂಡರೆ ಫೋರ್ಕ್ ತಿರುಚಿರುವ ಸಂಭವವಿದೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ತಡೆಯುತ್ತದೆಯೇ ಎಂದು ನೋಡಬೇಕು. ಮುಂದಿನ ಮತ್ತು ಹಿಂದಿನ ಬ್ರೇಕನ್ನು ನಿಂತಲ್ಲಿಯೇ ಒತ್ತಿ ನೋಡಬೇಕು. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತಿರುಗಿಸಿದಾಗ ಡಿಸ್ಕ್ ಓಲಾಡುತ್ತದೆಯೇ ಎಂಬುದನ್ನೂ, ಎಣ್ಣೆ ಒಸರುತ್ತದೆಯೇ ಎಂಬುದನ್ನೂ ಗಮನಿಸಬೇಕು. ಗೇರ್ ಲಿವರ್ ಒಳಕ್ಕೆ ಬಾಗಿದ್ದರೆ ನಡುದಾರಿಯಲ್ಲಿ ಗೇರ್ ಸಿಕ್ಕದೆ ಲಾರಿಯ ಮುಂದೆ ನಿಲ್ಲಬೇಕಾದೀತು. ಈಗ ಎಲ್ಲೆಡೆ ಕಾಣುವ ವಿದ್ಯುತ್ ಸ್ಕೂಟರಾದರೆ, ಬ್ಯಾಟರಿಯ ಹೊದಿಕೆಗೆ ಪೆಟ್ಟು ಬಿದ್ದಿದೆಯೆಂದು ತೋರಿದಲ್ಲಿ ಪರೀಕ್ಷೆ ಮಾಡಿಸುವವರೆಗೆ ಮನೆಯೊಳಗೆ ಚಾರ್ಜಿಗೆ ಹಾಕಲೇಬಾರದು.

ಕೆಡವಿದವರು ಸಿಕ್ಕದಿದ್ದರೆ ಎದುರಿನ ಅಂಗಡಿಯವರನ್ನು, ಗೇಟಿನ ಕಾವಲುಗಾರರನ್ನು ಸಮಾಧಾನವಾಗಿ ಕೇಳಬೇಕು. ಕ್ಯಾಮೆರಾ ಇದ್ದರೆ ಅದೇ ದಿನ ಕೇಳುವುದು ಮುಖ್ಯ. ಹಳೆಯ ದೃಶ್ಯಗಳು ದಿನಕಳೆದಂತೆ ತಾವಾಗಿ ಅಳಿಸಿಹೋಗುತ್ತವೆ. ಹಾನಿ ದೊಡ್ಡದಾಗಿದ್ದರೆ ಠಾಣೆಗೆ ಲಿಖಿತ ದೂರು ಕೊಟ್ಟು ಹಿಂಬರಹವನ್ನು ಪಡೆದಿರಬೇಕು. ಮುಂದೆ ವಿಮೆ ಕೇಳುವಾಗ ಅದು ಕೈಗೆ ಬರುವ ಕಾಗದ.

ವಿಮೆಯ ವಿಷಯದಲ್ಲಿ ನಮ್ಮ ಯುವಕರು ಮೋಸಹೋಗುವುದು ಇಲ್ಲಿಯೇ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ, ಸುಪ್ರೀಂ ಕೋರ್ಟಿನ ಆದೇಶದಂತೆ, ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕಾಯಿತು. ಅದರೊಂದಿಗೆ ಸ್ವಂತ ಹಾನಿಯ ವಿಮೆ ಅನೇಕ ವೇಳೆ ಒಂದೇ ವರ್ಷಕ್ಕೆ ಇರುತ್ತದೆ. ಕಾಗದದ ಮೇಲೆ ಐದು ವರ್ಷವೆಂದು ಕಂಡು, ಎಲ್ಲವೂ ಐದು ವರ್ಷಕ್ಕೆ ಇದೆಯೆಂದು ನಂಬಿ, ಎರಡನೆಯ ವರ್ಷ ನವೀಕರಿಸದೆ ಬಿಟ್ಟವರು ಎಷ್ಟೋ ಮಂದಿ. ಥರ್ಡ್ ಪಾರ್ಟಿ ವಿಮೆಯು ನಾವು ಇತರರಿಗೆ ಮಾಡಿದ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು ನಮ್ಮ ಬೈಕಿನ ಟ್ಯಾಂಕನ್ನು ಸರಿಪಡಿಸಿಕೊಡುವುದಿಲ್ಲ. ಓದುಗರು ಇಂದೇ ತಮ್ಮ ಪಾಲಿಸಿಯನ್ನು ತೆಗೆದು ಎರಡು ಮುಕ್ತಾಯ ದಿನಾಂಕಗಳನ್ನೂ ಬೇರೆ ಬೇರೆಯಾಗಿ ನೋಡುವುದು ಒಳಿತು. ಮುಂಗಾರಿನ ಮುನ್ನಿನ ಗಾಳಿಮಳೆಗೆ ಮರದ ಕೊಂಬೆ ಬೈಕಿನ ಮೇಲೆ ಮುರಿದುಬಿದ್ದರೂ ಉಪಯೋಗಕ್ಕೆ ಬರುವುದು ಈ ಸ್ವಂತ ಹಾನಿಯ ವಿಮೆಯೇ.

ಸ್ವಂತ ಹಾನಿಯ ವಿಮೆ ಇದ್ದರೂ ಪ್ರತಿಯೊಂದು ಗೀರಿಗೂ ಅದನ್ನು ಕೇಳುವುದು ಜಾಣತನವಲ್ಲ. ಲೆಕ್ಕ ಹಾಕಿ ನೋಡಿ. ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 1,200 ರೂಪಾಯಿ ಎಂದುಕೊಳ್ಳೋಣ. ವಿಮೆ ಕೇಳದೆ ಐದು ವರ್ಷ ಕಳೆದವರಿಗೆ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಶೇಕಡಾ 50. ಅವರು ಕಟ್ಟುವುದು 600. ಒಮ್ಮೆ ವಿಮೆ ಕೇಳಿದರೆ ರಿಯಾಯಿತಿ ಸೊನ್ನೆಗೆ ಇಳಿದು, ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಿ 50ಕ್ಕೆ ಬರಬೇಕು. ಪ್ರೀಮಿಯಂ ಹಾಗೆಯೇ ಇದ್ದರೆ ಈ ಹತ್ತುವಿಕೆಯಲ್ಲಿ ಹೆಚ್ಚಾಗಿ ಕಟ್ಟುವ ಮೊತ್ತ ಒಟ್ಟು 1,500 ರೂಪಾಯಿ. ಜೊತೆಗೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ಹೀಗಿರಲು 900 ರೂಪಾಯಿಯ ದುರಸ್ತಿಗೆ ವಿಮೆ ಕೇಳುವವನು ತನ್ನ ಕೈಯಿಂದಲೇ ಕಳೆದುಕೊಳ್ಳುತ್ತಾನೆ. ಫೋರ್ಕ್, ಟ್ಯಾಂಕ್, ಚಕ್ರ ಕೆಟ್ಟಿದ್ದರೆ ಮಾತು ಬೇರೆ. ಆಗ ಬಿಚ್ಚಿಸುವ ಮುನ್ನವೇ ಕಂಪನಿಗೆ ತಿಳಿಸಿ, ಸರ್ವೇಯರ್ ನೋಡುವವರೆಗೆ ಕಾಯಬೇಕು.

ಕೆಡವಿದ ವಾಹನ ಯಾವುದೆಂದು ಗೊತ್ತಾದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಅವರ ಥರ್ಡ್ ಪಾರ್ಟಿ ವಿಮೆಯಿಂದಲೇ ನಮ್ಮ ಹಾನಿಯನ್ನು ಕೇಳಬಹುದು. ಇತರರ ಆಸ್ತಿಗಾದ ಹಾನಿಗೆ ಸಾಮಾನ್ಯವಾಗಿ ಕಾರಿನ ಪಾಲಿಸಿಯಲ್ಲಿ 7.5 ಲಕ್ಷ ರೂಪಾಯಿವರೆಗೆ, ಬೈಕಿನ ಪಾಲಿಸಿಯಲ್ಲಿ 1 ಲಕ್ಷದವರೆಗೆ ರಕ್ಷಣೆಯಿರುತ್ತದೆ. ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಉಂಟು. ಆದರೆ ಇದರ ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ. ಬೆಂಗಳೂರಿನಲ್ಲಿ ಆ ಕೆಲಸವನ್ನು ಲಘು ವ್ಯಾಜ್ಯಗಳ ನ್ಯಾಯಾಲಯ ನಡೆಸುತ್ತದೆ. ಒಂದು ಕನ್ನಡಿಗಾಗಿ ಅಲ್ಲಿಗೆ ಅಲೆಯುವುದರಲ್ಲಿ ಅರ್ಥವಿಲ್ಲ. ಸಣ್ಣ ಹಾನಿಯನ್ನು ಇಬ್ಬರೂ ಕೂತು ಮುಗಿಸಿಕೊಂಡು, ದಿನಾಂಕ, ಸ್ಥಳ, ಎರಡೂ ವಾಹನಗಳ ಸಂಖ್ಯೆ, ಕೊಟ್ಟ ಮೊತ್ತ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು.

ಇಲ್ಲಿ ಹಾನಿಗೊಳಗಾದವನಿಗೂ ಒಂದು ಶೋಧನೆಯಿದೆ, ಹೇಳದೆ ಬಿಡಲಾರೆ. ಕಳೆದ ದೀಪಾವಳಿಯ ಹೊತ್ತಿಗೆ ತಾನೇ ಬೀಳಿಸಿಕೊಂಡ ನೆಗ್ಗನ್ನೂ ಈ ಲೆಕ್ಕಕ್ಕೆ ಸೇರಿಸಿಬಿಡುವುದು, ಕೆಡವಿದವನಿಂದ ನಗದು ಪಡೆದು ಅದೇ ಹಾನಿಗೆ ವಿಮೆಯನ್ನೂ ಕೇಳುವುದು. ಗ್ಯಾರೇಜಿನವರೇ ಇದನ್ನು ಹೇಳಿಕೊಡುವುದೂ ಉಂಟು. ಓಡಿಹೋದವನಿಗೂ ಇವನಿಗೂ ಏನು ವ್ಯತ್ಯಾಸವೆಂದು ನನಗೆ ತಿಳಿಯದು.

ವಾಹನವನ್ನು ಕಾಯುವ ಹೊಣೆ ಹೊತ್ತವರ ಬಗ್ಗೆಯೂ ಒಂದು ಮಾತು. ಟೋಕನ್ನಿನ ಹಿಂದೆ ‘ಮಾಲೀಕರ ಜವಾಬ್ದಾರಿ’ ಎಂದು ಅಚ್ಚುಹಾಕಿದ ಮಾತ್ರಕ್ಕೆ ಎಲ್ಲವೂ ತೀರುವುದಿಲ್ಲ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ, ಸಿಬ್ಬಂದಿಗೆ ಕೀ ಒಪ್ಪಿಸಿ ನಿಲ್ಲಿಸಿದ್ದ ಕಾರು ಕಳುವಾದ ಪ್ರಕರಣದಲ್ಲಿ, ಅಂತಹ ಒಕ್ಕಣೆಯ ಮರೆಯಲ್ಲಿ ಹೋಟೆಲು ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ತೀರ್ಪಿತ್ತಿತು. ಅಲ್ಲಿ ಕೀಲಿಯನ್ನೇ ಒಪ್ಪಿಸಲಾಗಿತ್ತು ಎಂಬುದನ್ನು ಮರೆಯಬಾರದು. ನಾವೇ ಬೀಗ ಹಾಕಿ ರಸ್ತೆಬದಿಯಲ್ಲಿ ನಿಲ್ಲಿಸಿದ ಬೈಕಿಗೆ ಆ ತೀರ್ಪನ್ನು ಹಿಡಿದು ವಾದಿಸಲಾಗದು. ರಸ್ತೆಯ ತಿರುವಿನಲ್ಲಿ ಅಡ್ಡವಾಗಿ ನಿಲ್ಲಿಸಿದ್ದರಂತೂ ನಮ್ಮ ಪಾಲಿನ ತಪ್ಪನ್ನೂ ಎಣಿಸುತ್ತಾರೆ. ಮಳೆಗಾಲದಲ್ಲಿ ಹಸಿಮಣ್ಣಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ಹೋದರೆ ಅದು ಮೆಲ್ಲಗೆ ಹೂತು ಬೈಕು ತಾನಾಗಿಯೇ ಉರುಳುತ್ತದೆ. ಸಾಲಿನಲ್ಲಿದ್ದ ಪಕ್ಕದ ನಾಲ್ಕನ್ನೂ ಉರುಳಿಸುತ್ತದೆ. ಸ್ಟ್ಯಾಂಡಿನ ಅಡಿಗೆ ಒಂದು ಚಪ್ಪಟೆ ಕಲ್ಲು ಇಡಲು ಅರ್ಧ ನಿಮಿಷ ಸಾಕು.

ನನ್ನ ಸರದಿ ಬಂದದ್ದು ಹೋದ ವರ್ಷ, ಎಲೆಕ್ಟ್ರಾನಿಕ್ ಸಿಟಿಯ ಒಂದು ಅಡ್ಡರಸ್ತೆಯಲ್ಲಿ. ಬೈಕಿನವನಾಗಿದ್ದ ನಾನು ಆ ವೇಳೆಗೆ ಒಂದು ಹಳೆಯ ಕಾರಿನ ಒಡೆಯನಾಗಿದ್ದೆ. ಹಿಂದಕ್ಕೆ ತೆಗೆಯುವಾಗ ಏನೋ ತಗುಲಿದ ಸದ್ದಾಯಿತು. ಇಳಿದು ನೋಡಿದರೆ ಊಟದ ಚೀಲ ಕಟ್ಟಿದ್ದ ಬೈಕೊಂದು ಬಿದ್ದಿತ್ತು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಹೊರಟುಬಿಡು ಎಂದು ಒಳಗೊಂದು ದನಿ ಹೇಳಿತು. ನಾನು ಕಾರಿನ ಬಾಗಿಲನ್ನು ತೆರೆದೂ ಇದ್ದೆ. ನನ್ನ ಬೈಕಿನ ನೆಗ್ಗಿದ ಟ್ಯಾಂಕು ಆಗ ಕಣ್ಣೆದುರಿಗೆ ಬಂದಿತೆಂದೇ ನಾನು ಉಳಿದೆ. ಅದನ್ನು ನನ್ನ ಒಳ್ಳೆಯತನವೆಂದು ಹೇಳಿಕೊಳ್ಳಲಾರೆ. ಬೈಕನ್ನು ಎತ್ತಿ ನಿಲ್ಲಿಸಿ, ಹೆಸರು, ಮೊಬೈಲ್ ಸಂಖ್ಯೆ, ಕಾರಿನ ಸಂಖ್ಯೆ ಬರೆದು ಸೀಟಿಗೆ ಸಿಕ್ಕಿಸುವಷ್ಟರಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನೊಬ್ಬ ಮೆಟ್ಟಿಲಿಳಿದು ಬಂದ.

“ತಪ್ಪು ನನ್ನದೇ ತಮ್ಮಾ. ಬಾ, ಗ್ಯಾರೇಜಿಗೆ ಹೋಗೋಣ” ಎಂದೆ. ಅವನು ಬೈಕನ್ನು ನೋಡಿದ, ಮೊಬೈಲಿನಲ್ಲಿ ಗಂಟೆ ನೋಡಿದ. “ಲಿವರ್ ಬಿಡಿ ಸಾರ್, ಮುನ್ನೂರೋ ನಾನೂರೋ ಆಗುತ್ತೆ. ರಾತ್ರಿ ಊಟದ ಆರ್ಡರೆಲ್ಲ ಹೋಯ್ತಲ್ಲ” ಎಂದ.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ದುರಸ್ತಿಯ ಬಿಲ್ಲು ಕಟ್ಟಿದರೆ ನನ್ನ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ. ಮೆಕ್ಯಾನಿಕ್ ಕೆಲಸ ಮುಗಿಸಲು ಎರಡೂವರೆ ಗಂಟೆ ತೆಗೆದುಕೊಂಡ. ಆ ಹೊತ್ತಿನಲ್ಲಿ ಎಷ್ಟು ಸಿಗುತ್ತಿತ್ತೆಂದು ಕೇಳಿದೆ. ಹುಡುಗ ಮೊದಲು ಸಂಕೋಚಪಟ್ಟ, ಆಮೇಲೆ ಹಿಂದಿನ ದಿನದ ಲೆಕ್ಕವನ್ನು ಮೊಬೈಲಿನಲ್ಲಿಯೇ ತೋರಿಸಿದ. ಬಿಲ್ಲಿನ ಜೊತೆಗೆ ಅದನ್ನೂ ಕೊಟ್ಟೆ. ಕಾಗದದ ಮೇಲೆ ಇಬ್ಬರೂ ಸಹಿ ಮಾಡಿದೆವು. ಎರಡು ದಿನ ಬಿಟ್ಟು ಅವನೇ ಕರೆಮಾಡಿ, ಬಲಗಡೆಯ ಇಂಡಿಕೇಟರ್ ಉರಿಯುತ್ತಿಲ್ಲ, ಆದರೆ ಅದು ಮೊದಲೇ ಕೆಟ್ಟಿತ್ತೋ ಏನೋ ನೆನಪಾಗುತ್ತಿಲ್ಲ ಸಾರ್ ಎಂದ. ಅರ್ಧ ನಾನು ಕೊಡುತ್ತೇನೆ, ಅರ್ಧ ನೀನು ಹಾಕು ಎಂದೆ. ಒಪ್ಪಿದ.