ವಿದೇಶಿ ಅತಿಥಿಗೆ ರಜೆಯ ಮನೆ: ಕರಾರು ಸರಿಯಿರಲಿ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟದ ಮೂಲಕ ಗೋವಾಕ್ಕೆ ಇಳಿಯುವ ರಸ್ತೆಯ ಚಹರೆ ಬದಲಾಗಿದೆ. ಗದ್ದೆ, ಗೇರುತೋಪುಗಳ ನಡುವೆ ರೆಸಾರ್ಟ್, ಹೋಂಸ್ಟೇಗಳ ಫಲಕಗಳು ಕಾಣುತ್ತಿವೆ. ಮಲಪ್ರಭೆಯ ಉಗಮಸ್ಥಾನ, ಕದಂಬರ ಹಲಸಿ, 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮ ಇವೆಲ್ಲವೂ ಖಾನಾಪುರ ತಾಲ್ಲೂಕಿನಲ್ಲಿವೆ. ಗೋವಾದ ಕಡಲತೀರಕ್ಕೆ ಬಂದ ವಿದೇಶಿಯರಲ್ಲಿ ಕಾಡು, ಮಳೆ ಅರಸಿ ಘಟ್ಟ ಹತ್ತುವವರೂ ಇದ್ದಾರೆ. ಕೃಷಿಯ ಆದಾಯ ಸಾಲದ ಕುಟುಂಬಕ್ಕೆ ಖಾಲಿ ಮನೆಯೊಂದು ನಾಲ್ಕು ಕಾಸು ತರುವುದಾದರೆ ಅದು ಸ್ವಾಗತಾರ್ಹವೇ. ಆದರೆ ಈ ವ್ಯವಹಾರಕ್ಕೆ ಆಧಾರವಾಗಬೇಕಾದ ಕರಾರುಪತ್ರದ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ.

ಬಾಡಿಗೆ ಎಂದೊಡನೆ ನಮಗೆ ನೆನಪಾಗುವುದು ಹನ್ನೊಂದು ತಿಂಗಳ ಕರಾರು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಕಡ್ಡಾಯವಾಗಿ ನೋಂದಾಯಿಸಬೇಕು. ಅದರಿಂದ ಪಾರಾಗಲು ಹುಟ್ಟಿಕೊಂಡ ರೂಢಿ ಇದು. ಹತ್ತು ದಿನವೋ, ಎರಡು ತಿಂಗಳೋ ಇದ್ದು ಹೋಗುವ ಅತಿಥಿಗೆ ಈ ಸಿದ್ಧ ನಮೂನೆ ಹೊಂದುವುದಿಲ್ಲ. ಅವನಿಗೆ ಬೇಕಾದುದು ತಂಗುವ ಅನುಮತಿ ಮಾತ್ರ, ಸ್ವತ್ತಿನಲ್ಲಿ ಹಕ್ಕಲ್ಲ. ಕಾನೂನಿನಲ್ಲಿ ಇದು ‘ಲೈಸೆನ್ಸ್’. ನೆರೆಯ ಮಹಾರಾಷ್ಟ್ರದ ನಂಟಿನಿಂದಾಗಿ ‘ಲೀವ್ ಅಂಡ್ ಲೈಸೆನ್ಸ್’ ಎಂಬ ಮಾತು ಗಡಿಭಾಗದವರಿಗೆ ಹೊಸದೇನಲ್ಲ. ಆದರೆ ಶೀರ್ಷಿಕೆಯಲ್ಲಿ ಲೈಸೆನ್ಸ್ ಎಂದು ಬರೆದ ಮಾತ್ರಕ್ಕೆ ಕರಾರು ಲೈಸೆನ್ಸ್ ಆಗುವುದಿಲ್ಲ. ಪತ್ರದ ಹೆಸರಿಗಿಂತ ಅದರ ಹೂರಣ ಮುಖ್ಯ ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸ್ವತ್ತಿನ ಸ್ವಾಧೀನ ಯಾರ ಬಳಿ ಉಳಿಯುತ್ತದೆ, ಮಾಲೀಕರ ಪ್ರವೇಶದ ಹಕ್ಕೇನು ಎಂಬುದನ್ನು ಪತ್ರವೇ ಹೇಳಬೇಕು.

ಅತಿಥಿ ವಿದೇಶಿಯಾದರೆ ಇನ್ನೊಂದು ಹೊಣೆ ಹೆಗಲೇರುತ್ತದೆ. 1946ರ ವಿದೇಶಿಯರ ಕಾಯ್ದೆಯ ಸ್ಥಾನದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ತಂಗಲು ಸ್ಥಳ ಒದಗಿಸುವವರು ವಿದೇಶಿ ಅತಿಥಿಯ ವಿವರವನ್ನು ನೋಂದಣಿ ಅಧಿಕಾರಿಗೆ ಸಲ್ಲಿಸಬೇಕೆಂಬ ಕಟ್ಟಳೆ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ‘ಸಿ ಫಾರಂ’ ಎಂದೇ ಪರಿಚಿತವಾಗಿದ್ದ ಈ ಮಾಹಿತಿಗೆ ಇಪ್ಪತ್ನಾಲ್ಕು ಗಂಟೆಗಳ ಗಡುವಿದೆ. ಇದು ದೊಡ್ಡ ಹೋಟೆಲುಗಳಿಗೆ ಮಾತ್ರ ಸಂಬಂಧಿಸಿದ್ದು ಎಂಬ ತಿಳಿವಳಿಕೆ ತಪ್ಪು. ಹಣ ಪಡೆದು ಒಂದೇ ಕೋಣೆ ಕೊಟ್ಟವರಿಗೂ ಇದು ಅನ್ವಯಿಸುತ್ತದೆ. ಮಾಲೀಕ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದು, ಕೀಲಿಕೈ ಊರಿನ ಕಾವಲುಗಾರನ ಕೈಯಲ್ಲಿದ್ದರೆ ಈ ಮಾಹಿತಿ ನೀಡುವವರು ಯಾರು? ಪೊಲೀಸರು ಬಂದು ಕೇಳಿದಾಗ ಮೊದಲು ಕಂಗಾಲಾಗುವವನು ಆ ಕಾವಲುಗಾರನೇ. ಆದ್ದರಿಂದ ಹೊಣೆಗಾರ ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇದಕ್ಕಿಂತ ಮೂಲಭೂತವಾದ ಪ್ರಶ್ನೆ ಮನೆ ನಿಂತಿರುವ ನೆಲದ್ದು. ರೈತ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮು ಅವಕಾಶ ನೀಡುತ್ತದೆ. ಆದರೆ ಅದನ್ನು ವಾಣಿಜ್ಯ ಚಟುವಟಿಕೆಗೆ ಬಾಡಿಗೆ ಕೊಡುವಂತಿಲ್ಲ. ಭೂಪರಿವರ್ತನೆಯಾಗದ ಜಮೀನಿನ ಮನೆಗೆ ಎಷ್ಟು ಚೆಂದದ ಕರಾರು ಬರೆದರೂ ಅದು ಮರಳಿನ ಮೇಲಿನ ಗೋಡೆ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯ ಪಾಠ ನಮ್ಮ ಮುಂದಿದೆ. ವರ್ಷಗಟ್ಟಲೆ ವಿದೇಶಿಯರಿಗೆ ಆಶ್ರಯ ನೀಡಿದ್ದ ಅಲ್ಲಿನ ರೆಸಾರ್ಟುಗಳನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅಕ್ರಮವೆಂದು ಎತ್ತಿಹಿಡಿಯಿತು. ಮುಂದಿನ ತಿಂಗಳೇ ಅವು ನೆಲಸಮವಾದವು. ಅವುಗಳನ್ನು ನಂಬಿದ್ದ ಅಡುಗೆಯವರು, ದೋಣಿಯವರು, ಅಂಗಡಿಯವರ ದುಡಿಮೆಗೂ ಅಂದೇ ಪೆಟ್ಟು ಬಿತ್ತು.

ಹಾಗಾದರೆ ಕರಾರಿನಲ್ಲಿ ಏನಿರಬೇಕು? ಪಾಸ್‌ಪೋರ್ಟ್ ಮತ್ತು ವೀಸಾ ಸಂಖ್ಯೆ, ವೀಸಾದ ಕೊನೆಯ ದಿನಾಂಕ, ಆ ದಿನಾಂಕವನ್ನು ಮೀರದ ವಾಸದ ಅವಧಿ ಮೊದಲು ಬರಲಿ. ಬಾಡಿಗೆ, ಠೇವಣಿ ರೂಪಾಯಿಯಲ್ಲೇ, ಸಾಧ್ಯವಾದಷ್ಟು ಬ್ಯಾಂಕಿನ ಮೂಲಕವೇ ಸಂದಾಯವಾಗಲಿ. ವಿದೇಶಿ ನೋಟು ವಿನಿಮಯ ಪರವಾನಗಿ ಪಡೆದವರ ಕೆಲಸ. ಠೇವಣಿ ಎಷ್ಟು ದಿನದೊಳಗೆ, ಯಾವ ಕಡಿತದೊಂದಿಗೆ ಮರಳುತ್ತದೆ ಎಂಬುದು ಅಂಕಿಗಳಲ್ಲಿರಲಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆದರೆ, ದಿನಗಟ್ಟಲೆ ವಿದ್ಯುತ್ ಹೋದರೆ ಮುಂಗಡದ ಗತಿಯೇನೆಂದು ಬರೆದಿರಲಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿರಲಿ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲಿ ಎರಡೂ ಕಡೆಯವರಿಗೆ ಪರಸ್ಪರರ ಕುರಿತ ಮಾಹಿತಿ ಕಡಿಮೆ. ಊರು, ಭಾಷೆ, ಕಾನೂನು ಅತಿಥಿಗೆ ಗೊತ್ತಿಲ್ಲ; ಅತಿಥಿಯ ಹಿನ್ನೆಲೆ ಮಾಲೀಕನಿಗೆ ಗೊತ್ತಿಲ್ಲ. ಇಂಥಲ್ಲಿ ಅನುಮಾನಕ್ಕೂ ಬೆಲೆ ತೆರಬೇಕಾಗುತ್ತದೆ: ಒಬ್ಬ ಠೇವಣಿ ಏರಿಸುತ್ತಾನೆ, ಮತ್ತೊಬ್ಬ ಬಾಡಿಗೆ ಇಳಿಸೆನ್ನುತ್ತಾನೆ. ಇಬ್ಬರಿಗೂ ಅರ್ಥವಾಗುವ ಎರಡು ಪುಟದ ಪತ್ರ ಈ ವೆಚ್ಚವನ್ನು ತಗ್ಗಿಸಬಲ್ಲದು. ಖಾನಾಪುರದ ಮನೆಮಾತುಗಳಾದ ಕನ್ನಡ, ಮರಾಠಿಗಳ ಜೊತೆಗೆ ಇಂಗ್ಲಿಷನ್ನೂ ಸೇರಿಸಿ ಮಾದರಿ ಕರಾರೊಂದನ್ನು ಪ್ರವಾಸೋದ್ಯಮ ಇಲಾಖೆ ಮತ್ತು ತಾಲ್ಲೂಕು ಆಡಳಿತ ರೂಪಿಸಬೇಕು. ಅದು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಉಚಿತವಾಗಿ ದೊರೆಯಬೇಕು. ಗೋವಾ 1982ರಲ್ಲೇ ಪ್ರವಾಸಿ ವಹಿವಾಟುಗಳ ನೋಂದಣಿಗೆ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ನಾವು ಒಂದು ನಮೂನೆಯನ್ನು ಅಚ್ಚು ಹಾಕಿಸುವುದರಿಂದಲಾದರೂ ಆರಂಭಿಸಬಹುದು. ಅದಕ್ಕೆ ಹೊಸ ಶಾಸನ ಬೇಕಿಲ್ಲ, ಒಂದು ಸುತ್ತೋಲೆ ಸಾಕು.