ಏಕಪ್ರವೇಶ ವ್ಯವಸ್ಥೆಯಲ್ಲಿ ಕಾಲನಿರ್ಣಯ: ಶಿರಸಿಯ ಒಂದು ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ತೆಗೆದ ಶಾಸನಚಿತ್ರಗಳನ್ನು ನಾವು ಶಿರಸಿಯ ಒಂದು ಸರ್ವರಿನಲ್ಲಿ ಸಂಗ್ರಹಿಸಿರುವೆವು. ಬನವಾಸಿ, ಸೋಂದಾ, ಬಿಳಗಿಗಳ ಚಿತ್ರಗಳಲ್ಲಿ ಕೆಲವಕ್ಕೆ ಬೇರೆ ಪ್ರತಿಯಿಲ್ಲ. ಒಂದೇ ಯಂತ್ರದೊಳಗೆ ಹಲವು ಗಣಕಗಳನ್ನು ನಡೆಸುವ ಈ ವರ್ಚುವಲ್ ಏರ್ಪಾಟಿನ ಮೇಲ್ವಿಚಾರಣೆ ವಿಸೆಂಟರ್ ಎಂಬ ತಂತ್ರಾಂಶದ್ದು. ಕಳೆದ ಮಳೆಗಾಲದಲ್ಲಿ ಎರಡು ದಿನ ವಿದ್ಯುತ್ತಿಲ್ಲದೆ ನಿಂತ ಯಂತ್ರವು ಮರಳಿ ಚಾಲನೆಗೊಂಡಾಗ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ನಮ್ಮಲ್ಲಿ ಯಾರಿಗೂ ಪ್ರವೇಶ ದೊರೆಯಲಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸೋಣವೆಂಬ ಸಲಹೆಯೂ ಬಂದಿತು. ಅದನ್ನು ಒಪ್ಪದಿದ್ದುದು ನಮ್ಮ ಪುಣ್ಯ.

ಸಿಂಗಲ್ ಸೈನ್‌ಆನ್ ಎಂಬ ಏಕಪ್ರವೇಶ ವ್ಯವಸ್ಥೆಯು 2012ರಲ್ಲಿ ವಿಸ್ಫಿಯರ್ 5.1ರೊಡನೆ ಬಂದಿತು. ಒಮ್ಮೆ ಗುರುತು ತೋರಿಸಿದವನಿಗೆ ಟೋಕನ್ ಎಂಬ ಮುದ್ರೆಯೊತ್ತಿದ ರಹದಾರಿ ದೊರೆಯುತ್ತದೆ. ಮುಂದಿನ ಸುಂಕದ ಕಟ್ಟೆಗಳಲ್ಲೆಲ್ಲ ಅದನ್ನು ತೋರಿಸಿದರೆ ಸಾಕು. ರಹದಾರಿಯಲ್ಲಿ ಆರಂಭದ ಹಾಗೂ ಮುಕ್ತಾಯದ ವೇಳೆಗಳು ನಮೂದಾಗಿರುತ್ತವೆ. ಹೀಗಿರಲು ಕಟ್ಟೆಕಟ್ಟೆಗೂ ಗಡಿಯಾರ ಬೇರೆಯಾದರೆ ನಿಜವಾದ ರಹದಾರಿಯೂ ಕೃತಕವೆನಿಸುವುದು. ತಿಥಿವಾರಗಳು ಕೂಡದ ತಾಮ್ರಪಟವನ್ನು ನಾವು ಶಂಕಿಸುವುದಿಲ್ಲವೆ?

ನಾವು ಮೊದಲು ಪರೀಕ್ಷಿಸಿದ್ದು ವಿಸೆಂಟರಿನ ಸ್ವಂತ ಅಡ್ಮಿನಿಸ್ಟ್ರೇಟರ್ ಖಾತೆಯನ್ನು. ಅದು ತೆರೆಯಿತು. ಆದುದರಿಂದ ದೋಷವು ನಮ್ಮೆಲ್ಲರ ಹೆಸರುಗಳಿರುವ ಆ್ಯಕ್ಟಿವ್ ಡೈರೆಕ್ಟರಿಯ ಸಂಬಂಧದಲ್ಲಿದೆಯೆಂದು ಸ್ಪಷ್ಟವಾಯಿತು. ಅಲ್ಲಿನ ಕೆರ್ಬೆರಾಸ್ ಪದ್ಧತಿಯು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಕಾಲಭೇದವನ್ನು ಸಹಿಸದು.

ಇಲ್ಲಿ ನಾವು ಒಮ್ಮೆ ಎಡವಿದೆವು. ದಾಖಲೆಕಡತಗಳಲ್ಲಿ ವೇಳೆಯು ಐದೂವರೆ ಗಂಟೆ ಹಿಂದಿದ್ದುದನ್ನು ಕಂಡು, ಇದೇ ದೋಷವೆಂದು ಹಿಗ್ಗಿದೆವು. ಅದು ದೋಷವಲ್ಲ, ಕಡತಗಳು ಭಾರತೀಯ ಕಾಲವನ್ನಲ್ಲ, ವಿಶ್ವಕಾಲವನ್ನು ಬರೆಯುತ್ತವೆ. ಗತಶಕವರ್ಷ, ವರ್ತಮಾನಶಕವರ್ಷಗಳ ನಡುವಿನ ಒಂದು ವರ್ಷದ ಅಂತರವನ್ನು ಲಿಪಿಕಾರನ ತಪ್ಪೆಂದು ಬಗೆಯುವವರ ಅವಸರವೇ ನಮ್ಮದೂ ಆಗಿತ್ತು. ಆ ಅಂತರವನ್ನು ಕಳೆದ ಮೇಲೆಯೂ ಮೂರು ಗಂಟೆಗಳು ಉಳಿದವು. ಯಂತ್ರದ ಗಡಿಯಾರವನ್ನು ನಡೆಸುವ ಪುಟ್ಟ ಬ್ಯಾಟರಿ ಮುಗಿದಿತ್ತು. ಒಳಗಿನ ವಿಸೆಂಟರ್ ಆ ತಪ್ಪು ವೇಳೆಯನ್ನೇ ಸ್ವೀಕರಿಸಿತ್ತು.

ಅಡ್ಮಿನಿಸ್ಟ್ರೇಟರ್ ಖಾತೆಯೂ ತೆರೆಯದಿದ್ದಲ್ಲಿ ಶೋಧನೆಯ ದಾರಿ ಬೇರೆ. ಮುದ್ರೆಯೊತ್ತುವ ಪ್ರಮಾಣಪತ್ರದ ಅವಧಿಯೇ ಮುಗಿದಿರಬಹುದು. ಕೆಲವು ಆವೃತ್ತಿಗಳಲ್ಲಿ ಅದು ಕೇವಲ 2 ವರ್ಷ. ಅದನ್ನು ಬದಲಿಸುವ ಮುನ್ನ ವಿಸೆಂಟರಿನ ಒಂದು ಪ್ರತಿಯನ್ನು ತೆಗೆದಿಡತಕ್ಕದ್ದು. ಪಾಸ್‌ವರ್ಡನ್ನು ಊಹಿಸಿ ಊಹಿಸಿ ಕೊಡುವುದಂತೂ ಸಲ್ಲದು. ಸಾಮಾನ್ಯವಾಗಿ 5 ಸಲ ತಪ್ಪಿದರೆ ಖಾತೆಗೆ ತಾತ್ಕಾಲಿಕವಾಗಿ ಬೀಗ ಬೀಳುತ್ತದೆ, ಮೂಲದೋಷವು ಮತ್ತಷ್ಟು ಮರೆಯಾಗುತ್ತದೆ.

ಬ್ಯಾಟರಿಯನ್ನು ಬದಲಿಸಿ, ಎಲ್ಲ ಯಂತ್ರಗಳೂ ಒಂದೇ ಕಾಲಸರ್ವರಿನಿಂದ ವೇಳೆ ಪಡೆಯುವಂತೆ ಮಾಡಿದೆವು. ಅಂದು ಸಂಜೆಯೇ ಬಿಳಗಿಯ ಚಿತ್ರಗಳು ತೆರೆದವು. ಅವುಗಳ ಎರಡನೆಯ ಪ್ರತಿಯನ್ನು ಈಗ ಬೇರೊಂದು ಊರಿನಲ್ಲಿ ಇರಿಸಿರುತ್ತೇವೆ.